ರಾತ್ರಿಯ ತಂಪಿಗೆ ಬೀಗ ಹಾಕಿದವರು

ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಈಸ್ಟ್‌ಗೇಟ್ ಎಂಬ ಕಟ್ಟಡವಿದೆ. ಕೆಳಗೆ ಅಂಗಡಿ ಮಳಿಗೆಗಳು, ಮೇಲೆ ಕಚೇರಿಗಳು. ಒಂಬತ್ತು ಅಂತಸ್ತಿನ ಎರಡು ಉದ್ದನೆಯ ಭಾಗಗಳು ಎದುರುಬದುರು ನಿಂತಿವೆ. ನಡುವಿನ ಅಂಗಳಕ್ಕೆ ಗಾಜಿನ ಮಾಡು. ಇಷ್ಟು ದೊಡ್ಡ ಕಟ್ಟಡವೆಂದರೆ ಭಾರಿ ಹವಾನಿಯಂತ್ರಣ ಯಂತ್ರ ಇರಲೇಬೇಕಲ್ಲ? ಇಲ್ಲಿ ಅದಿಲ್ಲ. ತಾರಸಿಯ ಮೇಲೆ ಸಾಲುಸಾಲಾಗಿ 48 ಇಟ್ಟಿಗೆಯ ಚಿಮಣಿಗಳಿವೆ, ಅಷ್ಟೆ.

ಯಂತ್ರ ಇಲ್ಲದಿರುವುದೇ ಇದರ ಸಾಧನೆ. ಆದರೆ ಇಲ್ಲದ ವಸ್ತುವಿಗೆ ಹಾರ ಹಾಕುವವರು ಯಾರು? ಎತ್ತರದ ಗೋಪುರ ಕಟ್ಟಿದವನ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ. ಕರೆಂಟು ಬಿಲ್ಲನ್ನು ಇಳಿಸಿದವನ ಹೆಸರು ಬಿಲ್ಲು ಕಟ್ಟುವವನಿಗೂ ತಿಳಿದಿರುವುದಿಲ್ಲ.

1990ರ ದಶಕದಲ್ಲಿ ಓಲ್ಡ್ ಮ್ಯೂಚುಯಲ್ ಎಂಬ ವಿಮಾ ಸಂಸ್ಥೆ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಅವರ ಮುಂದೊಂದು ಸವಾಲು ಇಟ್ಟಿತು. ದೊಡ್ಡ ವಾಣಿಜ್ಯ ಕಟ್ಟಡ ಬೇಕು, ಎ.ಸಿ. ಬೇಡ. ಕಾರಣ ಸರಳ. ಯಂತ್ರ ಹೊರದೇಶದಿಂದ ತರಿಸಬೇಕು. ಕೆಟ್ಟರೆ ಬಿಡಿಭಾಗಕ್ಕೂ ಅಲ್ಲಿಗೇ ಕೈಚಾಚಬೇಕು. ಪಿಯರ್ಸ್ ಹುಟ್ಟಿದ್ದು ಅದೇ ಊರಿನಲ್ಲಿ, ಓದಿದ್ದು ಲಂಡನ್ನಿನಲ್ಲಿ. ಅವರ ಜೊತೆಗೂಡಿದ್ದು ಓವ್ ಅರುಪ್ ಕಂಪನಿಯ ಎಂಜಿನಿಯರುಗಳು.

ಹರಾರೆ ಸಮುದ್ರ ಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಂಗಳೂರಿನಂತೆ ಪ್ರಸ್ಥಭೂಮಿಯ ಊರು. ಹಗಲು ಬಿಸಿಲು ಚುರುಗುಟ್ಟಿದರೂ ರಾತ್ರಿ ತಣ್ಣಗಾಗುತ್ತದೆ. ಅಂದರೆ ತಂಪು ಪುಕ್ಕಟೆಯಾಗಿ ಬರುತ್ತದೆ. ಆದರೆ ಅದು ಬರುವುದು ಆಫೀಸು ಮುಚ್ಚಿದ ಮೇಲೆ! ರಾತ್ರಿಯ ತಂಪನ್ನು ಮರುದಿನ ಮಧ್ಯಾಹ್ನದವರೆಗೆ ಕೂಡಿಡುವುದು ಹೇಗೆ?

ಬಯಲುಸೀಮೆಯ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಭಾರವಾದ ವಸ್ತು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಈಸ್ಟ್‌ಗೇಟ್‌ನಲ್ಲಿ ಆ ಗೋಡೆಯ ಪಾತ್ರ ಕಾಂಕ್ರೀಟ್ ನೆಲದ್ದು. ಪ್ರತಿ ಅಂತಸ್ತಿನ ನೆಲದೊಳಗೆ ಟೊಳ್ಳು ದಾರಿಗಳಿದ್ದು, ಅವುಗಳೊಳಗೆ ಕಾಂಕ್ರೀಟಿನ ಹಲ್ಲುಗಳು ಚಾಚಿಕೊಂಡಿವೆ. ಗಾಳಿ ಹೆಚ್ಚು ಕಾಂಕ್ರೀಟನ್ನು ಸವರಿಕೊಂಡು ಹೋಗಲಿ ಎಂಬುದು ಉದ್ದೇಶ. ರಾತ್ರಿ ದೊಡ್ಡ ಫ್ಯಾನುಗಳು ಹೊರಗಿನ ತಣ್ಣನೆ ಗಾಳಿಯನ್ನು ಈ ದಾರಿಗಳಲ್ಲಿ ನುಗ್ಗಿಸುತ್ತವೆ. ಗಂಟೆಗೆ ಹತ್ತು ಬಾರಿ ಒಳಗಿನ ಗಾಳಿ ಪೂರ್ತಿ ಬದಲಾಗುತ್ತದೆ. ಬೆಳಗಿನ ಹೊತ್ತಿಗೆ ನೆಲವೆಲ್ಲ ತಣ್ಣಗೆ. ಹಗಲು ಸಣ್ಣ ಫ್ಯಾನುಗಳ ಸರದಿ. ಗಂಟೆಗೆ ಎರಡು ಬಾರಿ ಗಾಳಿ ಬದಲಾದರೆ ಸಾಕು. ಆ ಗಾಳಿ ತಣ್ಣನೆ ಕಾಂಕ್ರೀಟನ್ನು ಹಾದು ಕೋಣೆಗೆ ಬರುತ್ತದೆ. ಜನರಿಂದ, ದೀಪಗಳಿಂದ ಬಿಸಿಯಾದ ಗಾಳಿ ಮೇಲಕ್ಕೇರಿ ಚಿಮಣಿಯಿಂದ ಹೊರಬೀಳುತ್ತದೆ. ಹೊರಮೈಯಲ್ಲಿ ಗಾಜು ಕಾಲುಭಾಗವನ್ನು ಮೀರದು, ಕಿಟಕಿಗಳಿಗೆಲ್ಲ ನೆರಳಿನ ಚಾಚು.

ಕಟ್ಟಡ 1996ರಲ್ಲಿ ತೆರೆಯಿತು. ಹರಾರೆಯ ಆರು ಎ.ಸಿ. ಕಟ್ಟಡಗಳ ಸರಾಸರಿಗೆ ಹೋಲಿಸಿದಾಗ ಇದರ ಒಟ್ಟು ಇಂಧನ ಬಳಕೆ ಶೇ. 35ರಷ್ಟು ಕಡಿಮೆ ಬಂತು. ಯಂತ್ರ ಕೊಳ್ಳದೆ ಉಳಿದ ಹಣವೇ ಸುಮಾರು 35 ಲಕ್ಷ ಡಾಲರ್. ಬಾಡಿಗೆಯೂ ಸುತ್ತಲಿನ ಕಟ್ಟಡಗಳಿಗಿಂತ ಇಳಿಯಿತು.

ಪಿಯರ್ಸ್‌ಗೆ ಈ ಉಪಾಯ ಹೊಳೆದದ್ದು ಗೆದ್ದಲಿನ ಹುತ್ತದಿಂದ. ಹುತ್ತದೊಳಗೆ ಬಿಸಿ ಗಾಳಿ ಮೇಲೇರಿ ಗೂಡು ತಂಪಾಗುತ್ತದೆ ಎಂದು ಮಾರ್ಟಿನ್ ಲೂಷರ್ ಎಂಬ ಸ್ವಿಸ್ ಕೀಟವಿಜ್ಞಾನಿ 1961ರಲ್ಲಿ ಬರೆದಿದ್ದರು. ಆದರೆ 2008ರಲ್ಲಿ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ಬೇರೆಯದೇ ಚಿತ್ರ ಮುಂದಿಟ್ಟರು. ಗೂಡಿನ ಉಷ್ಣತೆ ಸುತ್ತಲಿನ ಮಣ್ಣಿನ ಉಷ್ಣತೆಯೊಂದಿಗೆ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಹುತ್ತ ತಂಪುಪೆಟ್ಟಿಗೆಯಲ್ಲ, ಶ್ವಾಸಕೋಶವಿದ್ದಂತೆ. ಗಾಳಿಯ ಬೀಸಿಗೆ ಉಸಿರಾಡುತ್ತದೆ. ಅಂದರೆ ಪಿಯರ್ಸ್ ಪಾಠವನ್ನು ತಪ್ಪಾಗಿ ಓದಿಯೂ ಲೆಕ್ಕವನ್ನು ಸರಿಯಾಗಿ ಮಾಡಿದ್ದರು! ಪರೀಕ್ಷೆಯಲ್ಲಿ ಹೀಗಾದರೆ ಅಂಕ ಸಿಗುತ್ತದೋ ಇಲ್ಲವೋ. ಕಟ್ಟಡ ಮಾತ್ರ ತಣ್ಣಗಿತ್ತು, ಏಕೆಂದರೆ ಎಂಜಿನಿಯರುಗಳು ಹುತ್ತವನ್ನು ನಂಬಿ ಕೂರದೆ ಹರಾರೆಯ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಪಿಯರ್ಸ್‌ಗೆ 2003ರಲ್ಲಿ ನೆದರ್ಲೆಂಡ್ಸಿನ ಪ್ರಿನ್ಸ್ ಕ್ಲಾಸ್ ಪ್ರಶಸ್ತಿ ಬಂತು. ಅದು ಸಂಸ್ಕೃತಿ ಮತ್ತು ಅಭಿವೃದ್ಧಿಗೆ ಕೊಡುವ ಗೌರವ. ಕರೆಂಟು ಉಳಿಸುವುದೂ ಸಂಸ್ಕೃತಿಯ ಸಂಗತಿಯೆಂದು ಒಪ್ಪಿದಂತಾಯಿತು. ಆಮೇಲೆ ಅವರು ಮೆಲ್ಬರ್ನ್ ನಗರಾಡಳಿತದ ಜೊತೆ ಕೌನ್ಸಿಲ್ ಹೌಸ್-2 ಎಂಬ ಕಚೇರಿಯನ್ನು ರೂಪಿಸಿದರು. 2006ರಲ್ಲಿ ಮುಗಿದ ಅದರಲ್ಲಿ ರಾತ್ರಿ ಕಿಟಕಿಗಳು ತಾವಾಗಿ ತೆರೆದುಕೊಂಡು ತಂಪನ್ನು ಒಳಗೆ ಬಿಟ್ಟುಕೊಳ್ಳುತ್ತವೆ.

ನಮ್ಮಲ್ಲೂ ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. 1991ರಿಂದ ಕೇಂದ್ರ ಸರ್ಕಾರ ಇದರ ಅಂಗವಾಗಿ ಪ್ರಶಸ್ತಿ ಕೊಡುತ್ತ ಬಂದಿದೆ. ಕಾರ್ಖಾನೆಗಳ ಜೊತೆಗೆ ಕಚೇರಿ, ಹೋಟೆಲು, ಆಸ್ಪತ್ರೆಗಳಿಗೂ ಸಂದಿದೆ. ಫಲಕದ ಮೇಲೆ ಹೆಚ್ಚಾಗಿ ಇರುವುದು ಸಂಸ್ಥೆಯ ಹೆಸರು. ವಿನ್ಯಾಸ ಮಾಡಿದ ಹುಡುಗಿ, ಮೀಟರು ನೋಡಿ ಲೆಕ್ಕ ಬರೆದ ಎಂಜಿನಿಯರು ಚಪ್ಪಾಳೆ ತಟ್ಟುವವರ ಸಾಲಿನಲ್ಲೇ ಉಳಿಯುತ್ತಾರೆ. ಇದು ಸರಿಯಲ್ಲ. ಹೆಸರು ಕಾಣದ ವೃತ್ತಿಗೆ ಮಕ್ಕಳನ್ನು ಕಳಿಸಲು ಯಾವ ತಂದೆತಾಯಿಗೆ ಮನಸ್ಸು ಬರುತ್ತದೆ?

ವೃತ್ತಿಯಂತೂ ಇದೆ. 2002ರಲ್ಲಿ ಆರಂಭವಾದ ಇಂಧನ ದಕ್ಷತಾ ಬ್ಯೂರೋ ವಾಣಿಜ್ಯ ಕಟ್ಟಡಗಳಿಗೆ 2007ರಲ್ಲಿ ಇಂಧನ ಸಂಹಿತೆ ರೂಪಿಸಿತು, 2009ರಲ್ಲಿ ನಕ್ಷತ್ರ ಅಂಕಿತವನ್ನೂ ತಂದಿತು. ಎಂಜಿನಿಯರಿಂಗ್ ಓದಿ ನಿಗದಿತ ಅನುಭವ ಪಡೆದವರಿಗೆ ಎನರ್ಜಿ ಆಡಿಟರ್ ಪರೀಕ್ಷೆಯಿದೆ. ವಾಸ್ತುಶಿಲ್ಪದ ದಾರಿ ಹಿಡಿಯುವವರಿಗೆ ಐದು ವರ್ಷದ ಬಿ.ಆರ್ಕ್. ಇದೆ.

ಅಷ್ಟು ದೂರದ ಮಾತು ಬೇಡವೆನ್ನುವ ಹೈಸ್ಕೂಲು ಮಕ್ಕಳಿಗೆ ಹತ್ತಿರದ ಕೆಲಸವೊಂದಿದೆ. ಒಂದು ಥರ್ಮಾಮೀಟರ್ ಹಿಡಿದು ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಊರಿನ ಹಳೆಯ ದಪ್ಪ ಗೋಡೆಯ ಕಟ್ಟಡದೊಳಗೆ ಒಮ್ಮೆ, ಎ.ಸಿ. ಹಾಕದ ಗಾಜಿನ ಮುಖದ ಹೊಸ ಮಳಿಗೆಯೊಳಗೆ ಒಮ್ಮೆ ಉಷ್ಣತೆ ಅಳೆಯಿರಿ. ಎರಡು ಅಂಕಿಗಳನ್ನೂ ಬರೆದಿಟ್ಟುಕೊಂಡು, ಮರುದಿನ ಬೆಳಗ್ಗೆ ಆರಕ್ಕೆ ಮತ್ತೆ ಅಲ್ಲಿಗೇ ಹೋಗಿ.