ಬೋರ್ಡೋದ ಅಕ್ಕಡಿ ಸಾಲು

‘ಇದು ಯಾವ ದ್ರಾಕ್ಷಿಯದ್ದು?’ ಕೆಂಪು ವೈನಿನ ಬಾಟಲಿ ಕಂಡೊಡನೆ ನಮ್ಮ ಗೆಳೆಯರು ಕೇಳುವ ಮೊದಲ ಪ್ರಶ್ನೆ ಇದು. ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನಿನ ಮಟ್ಟಿಗೆ ಇದಕ್ಕೆ ಒಂದೇ ಹೆಸರಿನ ಉತ್ತರ ಸಿಗುವುದು ಅಪರೂಪ. ಕ್ಯಾಬರ್ನೆ ಸೋವಿನ್ಯಾನ್, ಮೆರ್ಲೋ, ಕ್ಯಾಬರ್ನೆ ಫ್ರಾಂ ಎಂಬ ಮೂರು ತಳಿಗಳು ಅದರಲ್ಲಿ ಮುಖ್ಯ. ಪೆಟಿ ವೆರ್ಡೋ, ಮಾಲ್ಬೆಕ್ ಸೇರಿದರೂ ಸ್ವಲ್ಪವೇ. ಒಂದೊಂದು ತಳಿಯನ್ನೂ ಬೇರೆಯಾಗಿ ಕೊಯ್ದು, ಬೇರೆ ಬೇರೆ ತೊಟ್ಟಿಗಳಲ್ಲಿ ಹುದುಗು ಬರಿಸಿ, ಆಮೇಲೆ ರುಚಿ ನೋಡಿ ಬೆರೆಸುತ್ತಾರೆ. ಬೆರಕೆಯ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಯಾಕಿಷ್ಟು ತಾಪತ್ರಯ? ರುಚಿಗಾಗಿ ಎನ್ನುವುದು ಅರ್ಧ ಉತ್ತರ. ಉಳಿದ ಅರ್ಧ ನಮ್ಮ ದೊಡ್ಡಬಳ್ಳಾಪುರ ಕಡೆಯ ರೈತರಿಗೆ ಗೊತ್ತಿರುವಂಥದ್ದೇ. ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಯ ಸಾಲು ಹಾಕುವುದನ್ನು ಅಕ್ಕಡಿ ಎನ್ನುತ್ತೇವೆ. ರಾಗಿ ಕೊಯ್ಲಾದ ಮೇಲೂ ಅವರೆ, ತೊಗರಿ ಹೊಲದಲ್ಲಿ ನಿಂತಿರುತ್ತವೆ. ಮಳೆ ಒಂದು ಬೆಳೆಗೆ ಕೈಕೊಟ್ಟರೆ ಇನ್ನೊಂದು ಮನೆಯವರ ಕೈಹಿಡಿಯುತ್ತದೆ.

ಬೋರ್ಡೋದ ಲೆಕ್ಕವೂ ಇದೇ. ಅದು ಅಟ್ಲಾಂಟಿಕ್ ಕಡಲಿಗೆ ಹತ್ತಿರದ ಸೀಮೆ. ವಸಂತದಲ್ಲಿ ಹಿಮ ಕವಿಯಬಹುದು, ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಬಹುದು. ಮೆರ್ಲೋ ಬೇಗ ಚಿಗುರಿ ಬೇಗ ಹಣ್ಣಾಗುತ್ತದೆ. ಹಾಗಾಗಿ ಹಿಮಕ್ಕೆ ಸಿಕ್ಕಿಬೀಳುತ್ತದೆ, ಮಳೆಯಿಂದ ಪಾರಾಗುತ್ತದೆ. ಕ್ಯಾಬರ್ನೆ ಸೋವಿನ್ಯಾನ್ ತಡವಾಗಿ ಚಿಗುರುವುದರಿಂದ ಹಿಮದಿಂದ ಪಾರಾಗಿ ಮಳೆಗೆ ಸಿಗುತ್ತದೆ. ನೆಲವೂ ಬೇರೆ ಬೇರೆ. ಜಿರೋಂಡ್ ಅಳಿವೆಯ ಎಡದಂಡೆಯ ಬೆಣಚುಕಲ್ಲಿನ ನೆಲ ಬಿಸಿಲನ್ನು ಹಿಡಿದಿಟ್ಟುಕೊಂಡು ಕ್ಯಾಬರ್ನೆಯನ್ನು ಮಾಗಿಸುತ್ತದೆ. ಬಲಭಾಗದ ಸೇಂಟ್ ಎಮಿಲಿಯೋಂ, ಪೊಮೆರೋಲ್ ಕಡೆಯ ತಂಪು ಜೇಡಿಮಣ್ಣು ಮೆರ್ಲೋಗೆ ಒಗ್ಗುತ್ತದೆ.

ಇನ್ನು ರುಚಿಯ ಮಾತು. ಕ್ಯಾಬರ್ನೆ ಸೋವಿನ್ಯಾನ್ ಸಣ್ಣ ಕಾಳಿನ, ದಪ್ಪ ಸಿಪ್ಪೆಯ ಹಣ್ಣು. ಅದರ ವೈನಿಗೆ ಗಟ್ಟಿ ಒಗರು. ನೇರಳೆಹಣ್ಣು ತಿಂದಾಗ ನಾಲಿಗೆ ಬಿಗಿಯುತ್ತದಲ್ಲ, ಆ ಒಗರು. ಬರೀ ಅದೊಂದೇ ಆದರೆ ಮೊದಲ ಗುಟುಕು ಜೋರಾಗಿದ್ದು ನಡುವೆ ಟೊಳ್ಳೆನಿಸಬಹುದು. ಆ ಟೊಳ್ಳನ್ನು ಮೆರ್ಲೋ ತನ್ನ ಮೆದುತನದಿಂದ ತುಂಬುತ್ತದೆ. ಕ್ಯಾಬರ್ನೆ ಫ್ರಾಂ ಪರಿಮಳ ಕೊಡುತ್ತದೆ. ಪೆಟಿ ವೆರ್ಡೋ ಬಣ್ಣಕ್ಕೂ ಖಾರದ ಎಳೆಗೂ ಸಾಕು. ಇವುಗಳಲ್ಲಿ ಮುಖ್ಯವಾದ ಮೂರು ತಳಿಗಳು ನೆಂಟರೇ. 1997ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯ ಪ್ರಕಾರ ಕ್ಯಾಬರ್ನೆ ಫ್ರಾಂ ಮತ್ತು ಬಿಳಿಯ ಸೋವಿನ್ಯಾನ್ ಬ್ಲಾಂ ಕೂಡಿ ಹುಟ್ಟಿದ್ದೇ ಕ್ಯಾಬರ್ನೆ ಸೋವಿನ್ಯಾನ್. ಮೆರ್ಲೋ ಕೂಡ ಕ್ಯಾಬರ್ನೆ ಫ್ರಾಂನ ಸಂತಾನ.

ನಾನಿರುವ ಜೋಕಾಗೂ ಈ ವೈನಿಗೂ ಹಳೆಯ ದಾರಿಯೊಂದಿದೆ. ಈಗ ಮೇಲೆ ಮೆಟ್ರೊ ಓಡುವ ಡೈಮಂಡ್ ಹಾರ್ಬರ್ ರಸ್ತೆಯಲ್ಲೇ ದಕ್ಷಿಣಕ್ಕೆ ಹೋದರೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಲಂಗರು ಹಾಕುತ್ತಿದ್ದ ಜಾಗ ಸಿಗುತ್ತದೆ. ಕೋಲ್ಕತ್ತದಂತೆ ಬೋರ್ಡೋ ಕೂಡ ಕಡಲಿನಿಂದ ಒಳಗೆ, ಉಬ್ಬರವಿಳಿತದ ನದಿಯ ಮೇಲಿರುವ ಬಂದರು. ಹೂಗ್ಲಿಯಲ್ಲಿ ‘ಬಾನ್’ ಎಂದು ಏರಿಬರುವ ಉಬ್ಬರದ ಅಲೆ ಅಲ್ಲಿಯ ನದಿಗಳಲ್ಲೂ ಏಳುತ್ತದೆ. ಬೋರ್ಡೋದ ಕೆಂಪು ವೈನನ್ನು ಇಂಗ್ಲಿಷರು ಕ್ಲಾರೆಟ್ ಎಂದು ಕರೆಯುತ್ತಿದ್ದರು. ಭಾರತಕ್ಕೆ ಬಂದ ಮೇಲೆ ಅದು ಅವರ ಬಾಯಲ್ಲಿ ‘ಲಾಲ್ ಶ್ರಾಬ್’ ಆಯಿತು. 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಈ ಪದವಿದೆ.

ಆ ಕಾಲದ ವರ್ತಕರು ಇಂಗ್ಲಿಷರ ನಾಲಿಗೆಗೆ ಹಿಡಿಸಲೆಂದು ಬೋರ್ಡೋಗೆ ರೋನ್ ಕಣಿವೆಯ ಹರ್ಮಿಟಾಜ್ ವೈನನ್ನೂ ಬೆರೆಸುತ್ತಿದ್ದರು. ಅದು ಸಿರಾ ದ್ರಾಕ್ಷಿಯದು. ಸಿರಾಗೆ ನಮ್ಮಲ್ಲಿ ಬಳಕೆಯಲ್ಲಿರುವ ಹೆಸರು ಶಿರಾಜ್. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, ಗ್ರೋವರ್ ದ್ರಾಕ್ಷಿತೋಟದವರು ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಅವರ ಸಲಹೆ ಪಡೆದು ರೂಪಿಸಿದ ‘ಲಾ ರಿಸರ್ವ್’ ಕೂಡ ಕ್ಯಾಬರ್ನೆ ಮತ್ತು ಶಿರಾಜ್‌ಗಳ ಬೆರಕೆ. ಇಂದಿನ ಬೋರ್ಡೋ ನಿಯಮಕ್ಕೆ ಅದು ಹೊಂದದು, ಹಳೆಯ ಕ್ಲಾರೆಟ್‌ಗೆ ಮಾತ್ರ ದೂರದ ನೆಂಟ. ಆ ತೋಟ ಅಕ್ಕಡಿಯ ಸೀಮೆಯಲ್ಲೇ ಇರುವುದು ನನಗೆ ಖುಷಿ ಕೊಡುವ ಸಂಗತಿ.

ಕೋಲ್ಕತ್ತದಲ್ಲಿ ಕುಡಿಯುವವರಿಗೆ ಎರಡು ಮಾತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ನಿಯಮ ಹುಟ್ಟಿದ್ದು ಯುರೋಪಿನ ತಣ್ಣನೆಯ ಕೋಣೆಗಳಲ್ಲಿ. ಜೋಕಾದ ಮೇ ತಿಂಗಳಿಗೆ ಅದು ಹೊಂದದು. ಫ್ರಿಜ್‌ನಲ್ಲಿಟ್ಟು, 16ರಿಂದ 18 ಡಿಗ್ರಿಗೆ ಇಳಿಸಿ. ಜೊತೆಗೆ ಬಂಗಾಳಿಗಳ ಕೊಶಾ ಮಾಂಗ್ಶೊ ಇರಲಿ, ಮಾಂಸ ಒಗರನ್ನು ಮೆದುಗೊಳಿಸುತ್ತದೆ. ಹಿಲ್ಸಾ ಮೀನು ಬೇಡ. ಎಣ್ಣೆಯಂಶದ ಮೀನಿಗೆ ಇಂಥ ವೈನ್ ಸೇರಿದರೆ ಬಾಯಲ್ಲಿ ಕಬ್ಬಿಣದ ರುಚಿ ಉಳಿಯಬಹುದು.

ಈಗ ಅಲ್ಲಿಯ ಹವೆಯೂ ಬಿಸಿಯಾಗುತ್ತಿದೆ. ಮೆರ್ಲೋ ಅತಿಯಾಗಿ ಮಾಗಿ ಸಕ್ಕರೆ ಹೆಚ್ಚಿ ವೈನಿನ ಆಲ್ಕೋಹಾಲ್ ಏರುತ್ತದೆ. ಅದಕ್ಕೆ 2021ರಲ್ಲಿ ಫ್ರಾನ್ಸ್ ಬೋರ್ಡೋಗೆ ಆರು ಹೊಸ ತಳಿಗಳನ್ನು ಒಪ್ಪಿತು. ಅದರಲ್ಲಿ ಪೋರ್ಚುಗಲ್ಲಿನ ಟೂರಿಗಾ ನಾಸಿಯೊನಾಲ್ ಕೂಡ ಇದೆ. ತೋಟದಲ್ಲಿ ಶೇ. 5, ಬೆರಕೆಯಲ್ಲಿ ಶೇ. 10 ಮೀರಬಾರದೆಂಬ ಕಟ್ಟು ಇದೆ. ಹಳೆಯ ರುಚಿ ಉಳಿಯಬೇಕು, ಕೆಟ್ಟ ಕಾಲಕ್ಕೊಂದು ಆಸರೆಯೂ ಇರಬೇಕು. ಇದು ಅಕ್ಕಡಿ ಹಾಕುವವನ ಬುದ್ಧಿಯೇ. ನಮ್ಮ ಕಡೆ ಅದನ್ನು ಹಳೇ ಕಾಲದ ಬೇಸಾಯವೆಂದು ಬಿಟ್ಟು ಇಡೀ ಹೊಲಕ್ಕೆ ಒಂದೇ ಬೆಳೆ ಇಟ್ಟವರು ಬಹಳ. ಬೋರ್ಡೋದವರು ಅದೇ ಲೆಕ್ಕವನ್ನು ಕಾಯ್ದುಕೊಂಡು ಲೋಕಕ್ಕೆಲ್ಲ ಮಾರುತ್ತಿದ್ದಾರೆ.

ಮುಂದಿನ ಸಲ ಬಾಟಲಿ ಕೈಗೆ ಬಂದಾಗ ಯಾವ ದ್ರಾಕ್ಷಿ ಎಂದು ಕೇಳುವುದರ ಜೊತೆಗೆ ಯಾವ ವರ್ಷದ್ದು ಎಂದೂ ನೋಡಿ. ಆ ವರ್ಷ ಯಾವ ಬೆಳೆ ಸೋತಿತು, ಯಾವುದು ಕೈಹಿಡಿಯಿತು ಎಂಬುದೆಲ್ಲ ಆ ಬೆರಕೆಯಲ್ಲೇ ಇರುತ್ತದೆ.