ಗ್ಲೋಬಿನ ಮೇಲೊಂದು ದಾರ

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅದನ್ನೂ ಒಂದು ಹೊಲಿಗೆ ದಾರವನ್ನೂ ತಂದಿಟ್ಟುಕೊಳ್ಳಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಬೆರಳಿನಿಂದ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ಗೋಡೆಯ ನಕಾಶೆ ನೋಡಿ ಬೆಳೆದ ಕಣ್ಣಿಗೆ ಅದು ಪೆಸಿಫಿಕ್ ಸಾಗರದ ನಟ್ಟನಡುವೆ ಹಾಯಬೇಕು ಅನ್ನಿಸುತ್ತದೆ. ದಾರ ಹಾಗೆ ನಿಲ್ಲುವುದಿಲ್ಲ, ಸರ್ರನೆ ಉತ್ತರಕ್ಕೆ ಜಾರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ಸಾಗರದ ಅಂಚು ಸವರಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ಒಂದಡಿ ಅಡ್ಡಳತೆಯ ಗ್ಲೋಬಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗೇಣು. ನಿಜದ ಭೂಮಿಯ ಮೇಲೆ ಸುಮಾರು 14,000 ಕಿ.ಮೀ. ಗುಂಡಗಿನ ನೆಲದಲ್ಲಿ ಎರಡು ಊರುಗಳ ನಡುವೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಆದರೆ ವಿಮಾನ ಈ ದಾರದ ಮೇಲೆಯೇ ಹೋಗುವುದಿಲ್ಲ. ಟಿಬೆಟ್ಟಿನ ಪ್ರಸ್ಥಭೂಮಿಯೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ, ಪ್ರಯಾಣಿಕರು ಸರಾಗವಾಗಿ ಉಸಿರಾಡಲು ಪೈಲಟ್ ಬೇಗನೆ 3,000 ಮೀಟರ್ ಆಸುಪಾಸಿಗೆ ಇಳಿಯಬೇಕು. ಅಲ್ಲಿ ಇಳಿಯಲು ಜಾಗವೆಲ್ಲಿ? ಆದ್ದರಿಂದ ಸಾಮಾನ್ಯವಾಗಿ ಬಳಸಿಕೊಂಡೇ ಹೋಗುತ್ತಾರೆ.

ಇನ್ನು ಗಾಳಿ. ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವವೇ ಇದು. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ ಹರಿಯುತ್ತದೆ. ಗಂಟೆಗೆ 150 ಕಿ.ಮೀ. ದಾಟುವುದು ಅದಕ್ಕೆ ಮಾಮೂಲು. ಗಂಟೆಗೆ 900 ಕಿ.ಮೀ. ಓಡುವ ವಿಮಾನಕ್ಕೆ 100 ಕಿ.ಮೀ. ಗಾಳಿ ಬೆನ್ನಿಗಿದ್ದರೆ 15,000 ಕಿ.ಮೀ. ದಾರಿ 15 ಗಂಟೆಯಲ್ಲಿ ಮುಗಿಯುತ್ತದೆ. ಅದೇ ಗಾಳಿ ಎದುರಾದರೆ ಹದಿನೆಂಟೂ ಮುಕ್ಕಾಲು ಗಂಟೆ. ಹಾಗಾಗಿ ಹೋಗುವಾಗ ಪೆಸಿಫಿಕ್ ಮೇಲಿನ ದೂರದ ದಾರಿಯೇ ಬೇಗ ಮುಟ್ಟಿಸಬಹುದು. ಬರುವಾಗ ಆ ಗಾಳಿಯಿಂದ ತಪ್ಪಿಸಿಕೊಳ್ಳಲು ಉತ್ತರದ ದಾರಿ ವಾಸಿ. ಈ ಎರಡು ಊರುಗಳು ಭೂಮಿಯ ಆಚೆ ಮಗ್ಗುಲು ಈಚೆ ಮಗ್ಗುಲಿನಲ್ಲಿ ಇರುವುದರಿಂದ ನೇರ ಉತ್ತರ ಧ್ರುವದ ಮೇಲೆ ಹಾದರೂ ದಾರ 400 ಕಿ.ಮೀ.ಯಷ್ಟೂ ಉದ್ದವಾಗುವುದಿಲ್ಲ. ಗ್ಲೋಬಿನ ಮೇಲೆ ಇದನ್ನೂ ಮಾಡಿ ನೋಡಿ.

ಮಗಳನ್ನು ವಿಮಾನ ಹತ್ತಿಸಿ ಬಂದ ತಾಯಿಗೆ ಗಡಿಯಾರದ್ದೇ ಗೊಂದಲ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದವಳು ಅಲ್ಲಿ ಇಳಿಯುವಾಗ ಅದೇ ದಿನ ಸಂಜೆ ನಾಲ್ಕೂವರೆ!

ವಾಪಸು ಬರುವಾಗ ಇದು ತಿರುಗುಮುರುಗು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ದಾರಿಯಲ್ಲಿ ನಡೆಸಿ ತಂದರು. ಸುಮಾರು 17 ಗಂಟೆ ಹಾರಿ ಅವರು ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಲ್ಲಿ ನೆಲ ಮುಟ್ಟಿದಾಗ 11ರ ನಸುಕು.