ನಿಮಗಿದು ಗೊತ್ತೆ?: ಬೇತಾಳನಿಗೆ ರೂಪವಿತ್ತ ಕಲಾವಿದ

ಕೈಯಲ್ಲಿ ಒರೆಯಿಂದ ಹಿರಿದ ಖಡ್ಗ, ಹೆಗಲ ಮೇಲೆ ಶವ, ಸುತ್ತಲೂ ಸ್ಮಶಾನದ ಘೋರಾಂಧಕಾರ: ‘ಚಂದಮಾಮ’ ಪತ್ರಿಕೆಯ ಬಾಲವಾಚಕರು ತಲೆಮಾರುಗಳ ಕಾಲ ಭಯವಿಸ್ಮಯಗಳಿಂದ ನೋಡಿದ ವಿಕ್ರಮ-ಬೇತಾಳರ ಆ ಚಿತ್ರವನ್ನು ರಚಿಸಿದವರು, 1924ರಲ್ಲಿ ತಮಿಳುನಾಡಿನಲ್ಲಿ ಜನಿಸಿ, ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಶಿಕ್ಷಣ ಪಡೆದ ಕೆ. ಸಿ. ಶಿವಶಂಕರನ್. ಅವರು ಓದುಗರಿಗೆ ಪರಿಚಿತರಾದುದು ‘ಶಂಕರ್’ ಎಂಬ ಹೆಸರಿನಿಂದ. 1952ರಲ್ಲಿ ಆ ಪತ್ರಿಕೆಯನ್ನು ಸೇರಿ ಸುಮಾರು ಆರು ದಶಕಗಳ ಪರ್ಯಂತ ಅವರು ಬರೆದ ಚಿತ್ರಗಳು, ಕಥೆಯ ಭಾಷೆ ಬದಲಾದರೂ ತಾವು ಬದಲಾಗದೆ, ತಮಿಳು, ತೆಲುಗು, ಕನ್ನಡಗಳ ಮಕ್ಕಳೆಲ್ಲರನ್ನೂ ಸಮಾನವಾಗಿ ರಂಜಿಸಿದುವು. 2020ರ ಸೆಪ್ಟೆಂಬರಿನಲ್ಲಿ ಕಾಲವಶರಾದ ಈ ಮಹನೀಯರಿಗೆ 2021ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಮಕ್ಕಳ ಕಥೆಯಲ್ಲಿ ಲೇಖನಿಗೆ ಸಲ್ಲುವ ಗೌರವವು ಕುಂಚಕ್ಕೂ ಸಲ್ಲತಕ್ಕುದೆಂಬುದಕ್ಕೆ ಅವರ ಜೀವಿತವೇ ಪ್ರಮಾಣ.